ತಿರುಚಿದ ಸೀಮೆಸುಣ್ಣ ಓರೆಯಾಗಿ ಮುರಿಯುವುದೇಕೆ? ಟೆನ್ಸರ್ ಕೊಡುವ ಉತ್ತರ

ಸೀಮೆಸುಣ್ಣದ ಕಡ್ಡಿಯೊಂದನ್ನು ಎರಡು ತುದಿಗಳಲ್ಲಿ ಹಿಡಿದು, ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡಿ. ಅದು ಅಡ್ಡಕ್ಕೆ ನೇರವಾಗಿ ತುಂಡಾಗುವುದಿಲ್ಲ. ಉದ್ದಕ್ಕೆ ಸುಮಾರು 45 ಡಿಗ್ರಿ ಓರೆಯಾಗಿ, ಸುರುಳಿಯಂತೆ ಬಿರುಕು ಬಿಟ್ಟು ಮುರಿಯುತ್ತದೆ. ನಾವು ತಿರುಚಿದೆವೇ ಹೊರತು ಎಳೆಯಲಿಲ್ಲ. ಆದರೂ ಮುರಿದ ಮೈ ನೋಡಿದರೆ ಓರೆಯಾಗಿ ಎಳೆದು ಕಿತ್ತಂತಿದೆ. ಆ ಎಳೆತ ಎಲ್ಲಿಂದ ಬಂತು?

ತಾಪಮಾನ ಹೇಳಲು ಒಂದು ಸಂಖ್ಯೆ ಸಾಕು. ಗಾಳಿಯ ವೇಗಕ್ಕೆ ದಿಕ್ಕೂ ಇರುವುದರಿಂದ ಮೂರು ಸಂಖ್ಯೆ ಬೇಕು, ಅದು ಸದಿಶ. ಘನವಸ್ತುವಿನ ಒಳಗಿನ ಸ್ಟ್ರೆಸ್‌ಗೆ, ಅಂದರೆ ಒಳಭಾಗಗಳು ಒಂದರ ಮೇಲೊಂದು ಹಾಕುವ, ವಿಸ್ತೀರ್ಣಕ್ಕೆ ಇಷ್ಟೆಂದು ಅಳೆಯುವ ಬಲಕ್ಕೆ, ಅಷ್ಟೂ ಸಾಲದು, ಏಕೆಂದರೆ ಅಲ್ಲಿ ಎರಡು ದಿಕ್ಕುಗಳ ಪ್ರಶ್ನೆ ಇದೆ: ವಸ್ತುವಿನ ಒಳಗೆ ಯಾವ ಕಡೆಗೆ ಮುಖ ಮಾಡಿದ (ಮನಸ್ಸಿನಲ್ಲೇ ಊಹಿಸಿಕೊಂಡ) ಸೀಳನ್ನು ನೋಡುತ್ತಿದ್ದೇವೆ, ಆ ಸೀಳಿನ ಮೇಲೆ ಬಲ ಯಾವ ಕಡೆಗೆ ಇದೆ? ಮೂರು ಮುಖ, ಮುಖವೊಂದಕ್ಕೆ ಮೂರು ಸಂಖ್ಯೆ, ಒಟ್ಟು 9. ಸಮ್ಮಿತಿಯಿಂದಾಗಿ, ಅಂದರೆ ಮೂರು ಜೋಡಿ ಸಂಖ್ಯೆಗಳು ಒಂದೇ ಆಗಿರುವುದರಿಂದ, ಇವುಗಳಲ್ಲಿ 6 ಮಾತ್ರ ಸ್ವತಂತ್ರ. ಸ್ಟ್ರೆಸ್‌ನಂಥ ಇಂಥ ರಾಶಿಯನ್ನೇ ಟೆನ್ಸರ್ ಎನ್ನುತ್ತಾರೆ. ಈ ಮೂರು ಮುಖಗಳ ಬಲ ಗೊತ್ತಿದ್ದರೆ, ಎಷ್ಟೇ ಓರೆಯಾದ ಸೀಳಿನ ಮೇಲಿನ ಬಲವನ್ನೂ ಲೆಕ್ಕಹಾಕಬಹುದೆಂದು 1820ರ ದಶಕದಲ್ಲಿ ಫ್ರಾನ್ಸಿನ ಗಣಿತಜ್ಞ ಕೋಶಿ ತೋರಿಸಿದ. ನನ್ನ ಮಟ್ಟಿಗೆ ಟೆನ್ಸರ್‌ನ ನಿಜವಾದ ಸೊಗಸು ಶುರುವಾಗುವುದೇ ಇಲ್ಲಿ.

ಬಹಳಷ್ಟು ವಿವರಣೆಗಳು ‘ಟೆನ್ಸರ್ ಅಂದರೆ ಸಂಖ್ಯೆಗಳ ಕೋಷ್ಟಕ’ ಎಂದು ಹೇಳಿ ಮುಗಿಸಿಬಿಡುತ್ತವೆ. ಕೃತಕ ಬುದ್ಧಿಮತ್ತೆಯ ಪ್ರೋಗ್ರಾಮ್‌ಗಳಲ್ಲಿ ಆ ಅರ್ಥಕ್ಕೇ ಈ ಹೆಸರನ್ನು ಬಳಸುತ್ತಾರೆ, ಅಲ್ಲಿಗೆ ಅದು ಸಾಕು. ಗಣಿತಕ್ಕೆ ಸಾಲದು. ಕೋಷ್ಟಕವು ಟೆನ್ಸರ್‌ನ ಒಂದು ನೋಟ ಮಾತ್ರ. ಅಕ್ಷಗಳನ್ನು ಬದಲಿಸಿದರೆ ನೋಟವೂ ಬದಲಾಗುತ್ತದೆ.

ಉಕ್ಕಿನ ಪಟ್ಟಿಯೊಂದನ್ನು ಉದ್ದಕ್ಕೆ ಎಳೆದಿದ್ದೇವೆ, ಸ್ಟ್ರೆಸ್ 100 ಮೆಗಾಪ್ಯಾಸ್ಕಲ್ ಎಂದಿಟ್ಟುಕೊಳ್ಳಿ. ಸದ್ಯಕ್ಕೆ ಎರಡೇ ಅಕ್ಷ ಸಾಕು. ಮೊದಲ ಅಕ್ಷವನ್ನು ಪಟ್ಟಿಯ ಉದ್ದಕ್ಕೆ ಇಟ್ಟರೆ ಕೋಷ್ಟಕದ ಮೊದಲ ಸಾಲು 100, 0. ಎರಡನೆಯದು 0, 0. ಈಗ ಪಟ್ಟಿಯನ್ನು ಮುಟ್ಟದೆ, ಅಕ್ಷಗಳನ್ನು ಮಾತ್ರ ಅಪ್ರದಕ್ಷಿಣವಾಗಿ 45 ಡಿಗ್ರಿ ತಿರುಗಿಸಿ. ಮೊದಲ ಸಾಲು 50, −50 ಆಗುತ್ತದೆ. ಎರಡನೆಯದು −50, 50. ಸಂಖ್ಯೆಗಳೆಲ್ಲ ಬದಲಾದವು. ಎಲ್ಲಿಯೂ ಇಲ್ಲದ ಜಾರುಬಲ (ಸೀಳಿನ ಎರಡು ಬದಿಗಳನ್ನು ಒಂದರ ಮೇಲೊಂದು ಜಾರಿಸುವ ಬಲ) ಕಾಣಿಸಿಕೊಂಡಿತು. ಆದರೆ ಪಟ್ಟಿಗೆ ಏನೂ ಆಗಿಲ್ಲ. ಕರ್ಣದ ಸಂಖ್ಯೆಗಳನ್ನು ಕೂಡಿ: ಆಗಲೂ 100, ಈಗಲೂ 100. ಡಿಟರ್ಮಿನೆಂಟ್ (ಕರ್ಣದ ಎರಡು ಸಂಖ್ಯೆಗಳ ಗುಣಲಬ್ಧದಿಂದ ಉಳಿದೆರಡರ ಗುಣಲಬ್ಧವನ್ನು ಕಳೆದದ್ದು) ತೆಗೆಯಿರಿ: ಆಗಲೂ ಸೊನ್ನೆ, ಈಗಲೂ ಸೊನ್ನೆ. ಹೀಗೆ ನಿಶ್ಚಿತ ನಿಯಮದಂತೆ ಸಂಖ್ಯೆಗಳು ಬದಲಾಗುತ್ತಾ, ಅವುಗಳ ಹಿಂದೆ ಇರುವ ವಸ್ತುಸ್ಥಿತಿ ಮಾತ್ರ ಅಲುಗದೆ ಉಳಿದರೆ ಅದು ಟೆನ್ಸರ್.

ಸೀಮೆಸುಣ್ಣದ ಮೇಲ್ಮೈಯಲ್ಲೂ ಇದೇ ಲೆಕ್ಕ. ಕಡ್ಡಿಯ ಉದ್ದಕ್ಕೆ ಅಕ್ಷ ಇಟ್ಟು ನೋಡಿದರೆ ಬರೀ ಜಾರುಬಲ, ಎಳೆತ ಸೊನ್ನೆ. ಅಕ್ಷಗಳನ್ನು 45 ಡಿಗ್ರಿ ತಿರುಗಿಸಿದರೆ ಜಾರುಬಲ ಮಾಯವಾಗಿ, ಒಂದು ದಿಕ್ಕಿನಲ್ಲಿ ಶುದ್ಧ ಎಳೆತ, ಅದಕ್ಕೆ ಲಂಬವಾಗಿ ಅಷ್ಟೇ ಪ್ರಮಾಣದ ಒತ್ತಡ. ಸೀಮೆಸುಣ್ಣ ಒತ್ತಡವನ್ನು ತಾಳಿಕೊಳ್ಳುತ್ತದೆ, ಎಳೆತವನ್ನು ತಾಳದು. ಹಾಗಾಗಿ ಓರೆ ಬಿರುಕು.

ಈ ವಿಚಾರವನ್ನು ಬಾಗಿದ ಜಾಗಗಳಿಗೂ ಹಬ್ಬಿಸಿದವರು ಇಟಲಿಯ ರಿಚ್ಚಿ ಮತ್ತು ಆತನ ಶಿಷ್ಯ ಲೆವಿ-ಚಿವಿತಾ. ಇಬ್ಬರೂ ಸೇರಿ 1900ರಲ್ಲಿ ಬರೆದ ಪ್ರಬಂಧವನ್ನು ಆಗ ಭೌತವಿಜ್ಞಾನಿಗಳು ಅಷ್ಟಾಗಿ ಗಮನಿಸಲಿಲ್ಲ. 1912ರಲ್ಲಿ ಗುರುತ್ವದ ಸಮೀಕರಣಕ್ಕಾಗಿ ಒದ್ದಾಡುತ್ತಿದ್ದ ಐನ್‌ಸ್ಟೈನ್‌ಗೆ ಈ ಗಣಿತದ ದಾರಿ ತೋರಿಸಿದ್ದು ಗೆಳೆಯ ಮಾರ್ಸೆಲ್ ಗ್ರಾಸ್‌ಮನ್. 1915ರ ಸಾಮಾನ್ಯ ಸಾಪೇಕ್ಷತೆ ಇದರ ಮೇಲೆಯೇ ನಿಂತಿದೆ.

ಅಲ್ಲಿ ಕೆಲಸಕ್ಕೆ ಬಂದ ಗುಣವೊಂದಿದೆ. ಟೆನ್ಸರ್‌ನ ಸಂಖ್ಯೆಗಳೆಲ್ಲ ಒಂದು ನಿರ್ದೇಶಾಂಕ ವ್ಯವಸ್ಥೆಯಲ್ಲಿ ಸೊನ್ನೆಯಾದರೆ, ಎಲ್ಲ ವ್ಯವಸ್ಥೆಗಳಲ್ಲೂ ಸೊನ್ನೆಯೇ. ಒಂದರಲ್ಲಿ ಸೊನ್ನೆಯಲ್ಲದಿದ್ದರೆ ಬೇರೆ ಯಾವುದಕ್ಕೆ ಹೋದರೂ ಅದನ್ನು ಅಳಿಸಲಾಗದು. ಮುಕ್ತವಾಗಿ ಬೀಳುತ್ತಿರುವವರಿಗೆ ತಮ್ಮ ತೂಕ ತಿಳಿಯುವುದಿಲ್ಲ. ಅಂದರೆ ಗುರುತ್ವದ ಆ ಭಾಗ ನಮ್ಮ ನೋಟಕ್ಕೆ ತಕ್ಕಂತೆ ಮರೆಯಾಗಬಲ್ಲದು. ಆದರೆ ದೇಶಕಾಲದ ಬಾಗನ್ನು ಹೇಳುವ ರೀಮನ್ ಟೆನ್ಸರ್ ಹಾಗೆ ಮರೆಯಾಗುವುದಿಲ್ಲ. ಭೂಮಿ ಇಡಿಯಾಗಿ ಚಂದ್ರನತ್ತ ಮುಕ್ತವಾಗಿ ಬೀಳುತ್ತಲೇ ಇದ್ದರೂ ಚಂದ್ರನಿಂದ ಕಡಲು ಉಬ್ಬಿ ಇಳಿಯುವುದು ಈ ಟೆನ್ಸರ್ ಸೊನ್ನೆಯಾಗಿಲ್ಲದ ಕಾರಣಕ್ಕೆ.