22,895 ಗಜ: ಜೆರ್ರಿ ರೈಸ್ ದಾಖಲೆಯ ಹತ್ತಿರಕ್ಕೂ ಯಾರೂ ಸುಳಿಯದಿರುವುದು ಯಾಕೆ?

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಪಾಸ್ ಹಿಡಿದು ಜೆರ್ರಿ ರೈಸ್ ಗಳಿಸಿದ ಒಟ್ಟು ದೂರ 22,895 ಗಜ. ಕಿಲೋಮೀಟರ್‌ಗೆ ಇಳಿಸಿದರೆ 21ಕ್ಕೆ ಒಂಚೂರು ಕಡಿಮೆ. ಎರಡನೇ ಸ್ಥಾನದ ಲ್ಯಾರಿ ಫಿಟ್ಜೆರಾಲ್ಡ್ 17 ಋತು ಆಡಿ ನಿಂತದ್ದು 17,492ಕ್ಕೆ. ಇಬ್ಬರ ನಡುವೆ 5,403 ಗಜದ ಅಂತರ. ಒಳ್ಳೆಯ ರಿಸೀವರ್ ಅನ್ನಿಸಿಕೊಂಡ ಎಷ್ಟೋ ಜನರ ಇಡೀ ವೃತ್ತಿಜೀವನದ ಗಳಿಕೆಯೇ ಅಷ್ಟಿರುವುದಿಲ್ಲ.

ರೈಸ್ 2004ರ ಋತುವಿನ ನಂತರ ಆಡಲಿಲ್ಲ. ಅಲ್ಲಿಂದೀಚೆಗೆ ನಿಯಮಗಳೆಲ್ಲ ರಿಸೀವರ್ ಪರವಾಗಿಯೇ ವಾಲಿವೆ, ಋತುವಿನ ಪಂದ್ಯಗಳು 16ರಿಂದ 17ಕ್ಕೇರಿವೆ, ಪಾಸ್‌ಗಳೂ ಹೆಚ್ಚಿವೆ. ಆದರೂ ದಾಖಲೆ ಅಲ್ಲಾಡಿಲ್ಲ. 'ಇಪ್ಪತ್ತು ವರ್ಷ ಆಡಿದ, ಅದಕ್ಕೇ' ಎನ್ನುವ ಉತ್ತರ ಸುಲಭ, ಆದರೆ ಅರ್ಧ ಸತ್ಯ. ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡದಲ್ಲಿ ಕಳೆದ ಮೊದಲ 16 ಋತುಗಳಲ್ಲೇ ಅವರು 19,247 ಗಜ ಗಳಿಸಿದ್ದರು. ಕೊನೆಯ ನಾಲ್ಕು ವರ್ಷಗಳನ್ನು ಪೂರ್ತಿ ಅಳಿಸಿ ಹಾಕಿದರೂ ಮೊದಲ ಸ್ಥಾನ ಅವರದೇ.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಮೈದಾನದ ಉದ್ದ 100 ಗಜ, ತಂಡಕ್ಕೆ 11 ಆಟಗಾರರು, 10 ಗಜ ಮುಂದೆ ಸಾಗಲು ನಾಲ್ಕು ಯತ್ನ. ಚೆಂಡನ್ನು ಹೊತ್ತು ಓಡಬಹುದು, ಇಲ್ಲವೇ ಕ್ವಾರ್ಟರ್‌ಬ್ಯಾಕ್ ಮುಂದಕ್ಕೆ ಎಸೆಯಬಹುದು. ಆ ಎಸೆತಕ್ಕಾಗಿ ಅಂಚಿನಲ್ಲಿ ನಿಂತು, ಮೊದಲೇ ಗೊತ್ತುಮಾಡಿದ ಹಾದಿಯಲ್ಲಿ ಓಡಿ ಚೆಂಡು ಹಿಡಿಯುವವನು ವೈಡ್ ರಿಸೀವರ್. ಆ ಹಾದಿಗೆ ಅಲ್ಲಿ ರೂಟ್ ಎನ್ನುತ್ತಾರೆ. ಹಿಡಿದ ಮೇಲೆ ಓಡಿದ ದೂರವೂ ಅವನ ಲೆಕ್ಕಕ್ಕೇ ಸೇರುತ್ತದೆ. ರೈಸ್ ಕತೆಯಲ್ಲಿ ಇದು ಮುಖ್ಯ.

ಶುರುವಿನಲ್ಲಿ ಇಂಥ ಆಟಗಾರನೇ ಇರಲಿಲ್ಲ. 1905ರಲ್ಲಿ ಕಾಲೇಜು ಆಟಗಾರರ ಸಾವುಗಳು ದೊಡ್ಡ ವಿವಾದವಾಗಿ, ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಶ್ವೇತಭವನದಲ್ಲಿ ಸಭೆ ಕರೆಯಬೇಕಾಯಿತು. ಮಂದೆ ಕಟ್ಟಿ ನುಗ್ಗುವ ಆಟವನ್ನು ಚದುರಿಸಲೆಂದು 1906ರಲ್ಲಿ ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಒಪ್ಪಿಗೆಯೇನೋ ಕೊಟ್ಟರು, ಜೊತೆಗೇ ದಂಡವನ್ನೂ ಇಟ್ಟರು: ಎಸೆದ ಚೆಂಡು ಯಾರಿಗೂ ತಾಗದೆ ನೆಲಕ್ಕೆ ಬಿದ್ದರೆ ಅದು ಎದುರಾಳಿಯ ಪಾಲು. ಅಂಥ ಜೂಜಿಗೆ ಕೈ ಹಾಕಿದವರು ಕಡಿಮೆ. ಎನ್‌ಎಫ್‌ಎಲ್‌ನಲ್ಲೂ 1933ರವರೆಗೆ ಎಸೆಯುವವನು ಪ್ರತಿ ಯತ್ನ ಶುರುವಾಗುವ ಗೆರೆಯಿಂದ ಕನಿಷ್ಠ 5 ಗಜ ಹಿಂದೆ ಇರಲೇಬೇಕಿತ್ತು. ಆ ವರ್ಷ ನಿರ್ಬಂಧ ಹೋಯಿತು. 1935ರಲ್ಲಿ ಗ್ರೀನ್ ಬೇ ಪ್ಯಾಕರ್ಸ್‌ಗೆ ಡಾನ್ ಹಟ್ಸನ್ ಬಂದರು. 1942ರಲ್ಲಿ ಅವರು 74 ಪಾಸ್ ಹಿಡಿದು 1,211 ಗಜ ಗಳಿಸಿದರು; ಒಂದು ಋತುವಿನಲ್ಲಿ ಸಾವಿರ ಗಜ ದಾಟಿದ ಮೊದಲಿಗರು ಅವರೇ. 1945ರಲ್ಲಿ ನಿವೃತ್ತರಾದಾಗ ಬಿಟ್ಟುಹೋದ 99 ಟಚ್‌ಡೌನ್ ಕ್ಯಾಚ್‌ಗಳ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ತಂದ ಕ್ಯಾಚ್‌ಗಳ) ದಾಖಲೆ 1989ರವರೆಗೆ ಉಳಿಯಿತು.

ಅಷ್ಟು ದೀರ್ಘ ಕಾಲ ಉಳಿದದ್ದರಲ್ಲಿ ನಿಯಮದ ಪಾಲೂ ಇದೆ. ಎಪ್ಪತ್ತರ ದಶಕದ ತನಕ ರಕ್ಷಕರು ರಿಸೀವರ್‌ನನ್ನು ಮೈದಾನದ ಉದ್ದಕ್ಕೂ ತಳ್ಳುತ್ತ, ಹೊಡೆಯುತ್ತ ಹೋಗಬಹುದಿತ್ತು. ಚೆಂಡು ಕೈಬಿಡುವವರೆಗೆ ಕೇಳುವವರಿಲ್ಲ. ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ಮೆಲ್ ಬ್ಲೌಂಟ್ ಇದರಲ್ಲಿ ಎಷ್ಟು ಪಳಗಿದ್ದರೆಂದರೆ ಮುಂದೆ ಬಂದ ನಿಯಮಕ್ಕೆ ಜನ ಅವರ ಹೆಸರನ್ನೇ ಇಟ್ಟರು. 1977ರಲ್ಲಿ ತಂಡವೊಂದರ ಸರಾಸರಿ ಅಂಕ ಪಂದ್ಯಕ್ಕೆ 17.2ಕ್ಕೆ ಕುಸಿದಿತ್ತು. ಮರುವರ್ಷ ಲೀಗ್ ಮೂರು ಬದಲಾವಣೆಗಳನ್ನು ಒಟ್ಟಿಗೇ ತಂದಿತು: ಗೆರೆಯಿಂದ 5 ಗಜದಾಚೆ ರಿಸೀವರ್‌ನ ಮೈಮುಟ್ಟುವಂತಿಲ್ಲ, ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವವರು ತೋಳು ಚಾಚಿ ಅಂಗೈ ಬಿಚ್ಚಿ ತಡೆಯಬಹುದು, ಮತ್ತು ಋತುವಿಗೆ 14ರ ಬದಲು 16 ಪಂದ್ಯ. ರೈಸ್ ಲೀಗಿಗೆ ಬಂದದ್ದು ಇದಾಗಿ ಏಳು ವರ್ಷಕ್ಕೆ. ಅಖಾಡ ಸಿದ್ಧವಾಗಿತ್ತು.

ಆ 5 ಗಜದ ನಿಯಮವನ್ನು ಎಲ್ಲರಿಗಿಂತ ಚೆನ್ನಾಗಿ ದುಡಿಸಿಕೊಂಡವರು 49ಅರ್ಸ್ ಕೋಚ್ ಬಿಲ್ ವಾಲ್ಶ್. ಅವರ ಪದ್ಧತಿ ಹುಟ್ಟಿದ್ದು ಕೊರತೆಯಿಂದ. 1969ರಲ್ಲಿ ವಾಲ್ಶ್ ಸಿನ್ಸಿನಾಟಿಯಲ್ಲಿ ಸಹಾಯಕ ಕೋಚ್ ಆಗಿದ್ದಾಗ ಮುಖ್ಯ ಕ್ವಾರ್ಟರ್‌ಬ್ಯಾಕ್ ಗ್ರೆಗ್ ಕುಕ್ ಭುಜದ ಗಾಯಕ್ಕೆ ಸಿಕ್ಕಿದರು. 1970ರಲ್ಲಿ ಬದಲಿಗೆ ಬಂದ ವರ್ಜಿಲ್ ಕಾರ್ಟರ್ ತೋಳಿನಲ್ಲಿ ದೂರಕ್ಕೆಸೆಯುವ ಬಲವಿಲ್ಲ, ಗುರಿ ಮಾತ್ರ ಖಚಿತ. ಹಾಗಾಗಿ ಗಿಡ್ಡ ಪಾಸ್, ಅಡ್ಡ ಓಟ, ಹೆಜ್ಜೆ ಎಣಿಸಿ ಎಸೆತ. ಉಳಿದ ದೂರವನ್ನು ಹಿಡಿದವನು ಓಡಿ ಗಳಿಸಲಿ ಎಂಬ ಲೆಕ್ಕ.

ಈ ಪದ್ಧತಿಯ ಜೀವಾಳ ಸ್ಲ್ಯಾಂಟ್ ರೂಟ್. ನೋಡಲು ಏನೂ ಇಲ್ಲ. ರಿಸೀವರ್ ನೇರ ಮೂರು ಹೆಜ್ಜೆ ಹಾಕಿ, ಹೊರಗಾಲನ್ನು ಊರಿ, ಸುಮಾರು 45 ಡಿಗ್ರಿ ಕೋನದಲ್ಲಿ ಒಳಕ್ಕೆ ತಿರುಗಬೇಕು. ಕ್ವಾರ್ಟರ್‌ಬ್ಯಾಕ್ ಅದೇ ಹೊತ್ತಿಗೆ ಮೂರು ಹೆಜ್ಜೆ ಹಿಂದೆ ಸರಿದು, ಮೂರನೆಯದು ನೆಲಕ್ಕೆ ತಾಗುತ್ತಿದ್ದಂತೆ ಎಸೆಯುತ್ತಾನೆ. ರಿಸೀವರ್ ತಿರುಗಿ ನೋಡುವಷ್ಟರಲ್ಲಿ ಚೆಂಡು ಗಾಳಿಯಲ್ಲಿರುತ್ತದೆ. ಅದು ಎದೆಮಟ್ಟಕ್ಕೆ, ದೇಹಕ್ಕಿಂತ ಒಂದಡಿ ಮುಂದೆ ಬಂದರೆ ಓಟದ ವೇಗ ಮುರಿಯುವುದಿಲ್ಲ.

ಕೆಡುವುದಕ್ಕೆ ದಾರಿಗಳು ಬೇಕಾದಷ್ಟಿವೆ. ತಿರುವನ್ನು ಚೂಪಾಗಿ ಕತ್ತರಿಸದೆ ದುಂಡಗೆ ಬಳಸಿದರೆ, ಹಿಂದೆ ಇರುವ ರಕ್ಷಕ, ಅಂದರೆ ಕಾರ್ನರ್‌ಬ್ಯಾಕ್, ಒಳಗಿನಿಂದ ನುಸುಳಿ ಚೆಂಡನ್ನೇ ಕಸಿಯುತ್ತಾನೆ. ತಿರುಗುವ ಮೊದಲೇ ಕಣ್ಣು ಒಳಕ್ಕೆ ಹೊರಳಿದರೆ ರಕ್ಷಕನಿಗೆ ಗುಟ್ಟು ಬಿಟ್ಟುಕೊಟ್ಟಂತೆ. ಒಂದೆರಡು ಹೆಜ್ಜೆ ಹೆಚ್ಚಾಗಿ ಆಳಕ್ಕೆ ಹೋದರೆ ಎದುರಿನಿಂದ ಸೇಫ್ಟಿ ಎಂಬ ಹಿಂಬದಿಯ ರಕ್ಷಕ ಬಂದು ಗುದ್ದುತ್ತಾನೆ, ಲಯವೂ ತಪ್ಪುತ್ತದೆ. ಚೆಂಡು ಬೆನ್ನ ಹಿಂದೆ ಬಂದರೆ ಮೈ ತಿರುಚಿ ನಿಲ್ಲಬೇಕು; ಆಗ ಬೆರಳಿಗೆ ತಾಗಿ ಮೇಲೆ ಚಿಮ್ಮಿದ ಚೆಂಡು ಮಧ್ಯದಲ್ಲಿ ನಿಂತ ರಕ್ಷಕ ಲೈನ್‌ಬ್ಯಾಕರ್ ಕೈಸೇರುತ್ತದೆ. ಹಿಡಿಯುವ ಕೈಗೂ ಕ್ರಮವಿದೆ: ಎದೆಗಿಂತ ಮೇಲೆ ಬಂದದ್ದಕ್ಕೆ ಎರಡು ಹೆಬ್ಬೆರಳು ಜೋಡಿಸಬೇಕು, ಸೊಂಟದ ಕೆಳಗಿನದ್ದಕ್ಕೆ ಕಿರುಬೆರಳು.

ರೈಸ್ ವಿಶೇಷ ಏನೆಂದರೆ ಎಲ್ಲ ರೂಟ್‌ಗಳ ಮೊದಲ ಮೂರು ಹೆಜ್ಜೆಗಳು ಅವರಲ್ಲಿ ಒಂದೇ ಥರ ಕಾಣುತ್ತಿದ್ದವು. ಸ್ಲ್ಯಾಂಟೋ, ನೇರ ಓಟವೋ ರಕ್ಷಕನಿಗೆ ತಿಳಿಯುವ ಹೊತ್ತಿಗೆ ಅವರು 5 ಗಜ ದಾಟಿರುತ್ತಿದ್ದರು, ಇನ್ನು ಮುಟ್ಟುವಂತಿಲ್ಲ. ತಿರುವಿನಲ್ಲಿ ವೇಗ ಇಳಿಯುತ್ತಲೇ ಇರಲಿಲ್ಲ. 40 ಗಜದ ಓಟದಲ್ಲಿ ಅವರ ಸಮಯ ಸುಮಾರು 4.7 ಸೆಕೆಂಡ್ ಎಂದು ಹೇಳಲಾಗುತ್ತಿತ್ತು, ಆ ಸ್ಥಾನಕ್ಕೆ ನಿಧಾನವೇ. ಗಡಿಯಾರ ಅಳೆಯುವುದು ನೇರ ಓಟವನ್ನು, ತಿರುವನ್ನಲ್ಲ. ತಂಡಗಳ ಶೋಧಕರು ಆ ಅಂಕಿಗೆ ಅಷ್ಟೊಂದು ಬೆಲೆ ಕೊಟ್ಟದ್ದು ತಪ್ಪು ಎಂದು ಈಗ ಹೇಳುವುದು ಸುಲಭ.

ಶೋಧಕರ ಅನುಮಾನಕ್ಕೆ ಇನ್ನೊಂದು ಕಾರಣವೂ ಇತ್ತು. ರೈಸ್ ಓದಿದ್ದು ಮಿಸಿಸಿಪಿ ವ್ಯಾಲಿ ಸ್ಟೇಟ್‌ನಲ್ಲಿ, ಕಪ್ಪು ವಿದ್ಯಾರ್ಥಿಗಳಿಗೆಂದು ಕಟ್ಟಿದ ಚಿಕ್ಕ ವಿಶ್ವವಿದ್ಯಾಲಯದಲ್ಲಿ. ಕೋಚ್ ಆರ್ಚಿ ಕೂಲಿ ಅಲ್ಲಿ ಎಡೆಬಿಡದೆ ಪಾಸ್ ಎಸೆಯುವ ಆಟ ಆಡಿಸುತ್ತಿದ್ದರು, ಎಸೆಯುತ್ತಿದ್ದವರು ವಿಲ್ಲೀ ಟಾಟನ್. 1984ರಲ್ಲಿ ರೈಸ್ 27 ಟಚ್‌ಡೌನ್ ಹಿಡಿದರು. ಎದುರಾಳಿಗಳು ದುರ್ಬಲರು, ಅದಕ್ಕೇ ಇಷ್ಟು ಅಂಕಿ ಎಂದು ಹಲವರು ತಳ್ಳಿಹಾಕಿದರು. ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ 1985ರ ಡ್ರಾಫ್ಟ್‌ನಲ್ಲಿ ಅಲ್ ಟೂನ್, ಎಡ್ಡಿ ಬ್ರೌನ್ ಎಂಬ ಇಬ್ಬರು ರಿಸೀವರ್‌ಗಳು ಅವರಿಗಿಂತ ಮೊದಲು ಆಯ್ಕೆಯಾದರು. ಹಿಂದಿನ ಋತುವಿನ ಚಾಂಪಿಯನ್ ಆಗಿದ್ದ 49ಅರ್ಸ್ ಸರದಿ 28ನೆಯದು. ವಾಲ್ಶ್ ತಮ್ಮ ಮೊದಲ ಮೂರು ಸುತ್ತಿನ ಆಯ್ಕೆಗಳನ್ನು ನ್ಯೂ ಇಂಗ್ಲೆಂಡ್‌ಗೆ ಕೊಟ್ಟು, ಅವರ 16ನೇ ಸರದಿಯನ್ನೂ ಒಂದು ಮೂರನೇ ಸುತ್ತಿನ ಆಯ್ಕೆಯನ್ನೂ ಪಡೆದು ರೈಸ್ ಅವರನ್ನು ಎತ್ತಿಕೊಂಡರು.

ಮೊದಲ ಋತು ಮುಜುಗರದ್ದು. ಸುಲಭದ ಚೆಂಡುಗಳು ಕೈಜಾರಿದವು, ತವರಿನ ಪ್ರೇಕ್ಷಕರೇ ಕೂಗಾಡಿದರು. ತಲೆಯ ತುಂಬ ಹೊಸ ತಂಡದ ದಪ್ಪ ಪ್ಲೇಬುಕ್, ಅಂದರೆ ಆಟದ ತಂತ್ರಗಳ ಪುಸ್ತಕ. ಮುಂದೆ ಎಲ್ಲಿ ಓಡಬೇಕೆಂದು ಯೋಚಿಸುವವನ ಕಣ್ಣು ಚೆಂಡನ್ನು ಕೈವರೆಗೆ ಹಿಂಬಾಲಿಸುವುದಿಲ್ಲ. ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ವಿರುದ್ಧ 10 ಕ್ಯಾಚ್‌ಗೆ 241 ಗಜ ಬಂದ ಮೇಲೆ ಮಾತು ನಿಂತಿತು. ಮರುವರ್ಷ 1,570 ಗಜ. 1987ರಲ್ಲಿ ಆಟಗಾರರ ಮುಷ್ಕರದಿಂದಾಗಿ ಅವರಿಗೆ ಸಿಕ್ಕಿದ್ದು 12 ಪಂದ್ಯ ಮಾತ್ರ, ಅಷ್ಟರಲ್ಲೇ 22 ಟಚ್‌ಡೌನ್ ಕ್ಯಾಚ್. ಎರಡನೇ ಸ್ಥಾನದವರದು 11. ರ‍್ಯಾಂಡಿ ಮಾಸ್ 2007ರಲ್ಲಿ 23 ಹಿಡಿದು ಅದನ್ನು ಮುರಿದರು, ಆದರೆ 16 ಪಂದ್ಯಗಳಲ್ಲಿ.

1989ರ ಜನವರಿಯಲ್ಲಿ, ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ 11 ಕ್ಯಾಚ್, 215 ಗಜ, ಪಂದ್ಯಶ್ರೇಷ್ಠ ಪ್ರಶಸ್ತಿ. ಒಟ್ಟು ಮೂರು ಬಾರಿ ಆ ಕಪ್ ಗೆದ್ದರು. 1994ರಲ್ಲಿ ಜಿಮ್ ಬ್ರೌನ್ ಅವರ 126 ಟಚ್‌ಡೌನ್‌ಗಳ ದಾಖಲೆ ದಾಟಿದರು. ಜೋ ಮೊಂಟಾನಾ, ಆಮೇಲೆ ಸ್ಟೀವ್ ಯಂಗ್, ಇಬ್ಬರೂ ಹಾಲ್ ಆಫ್ ಫೇಮ್ ಸೇರಿದ ಕ್ವಾರ್ಟರ್‌ಬ್ಯಾಕ್‌ಗಳು, ಬೆನ್ನುಬೆನ್ನಿಗೆ ಸಿಕ್ಕಿದ್ದು ಅದೃಷ್ಟ, ಅಲ್ಲಗಳೆಯುವಂತಿಲ್ಲ. ಆದರೆ 1995ರ ಋತುವಿಗೆ ಅದೃಷ್ಟದ ವಿವರಣೆ ಸಾಲದು. ಬಹುತೇಕ ರಿಸೀವರ್‌ಗಳ ಕಾಲು ಸೋಲುವ 33ನೇ ವಯಸ್ಸಿನಲ್ಲಿ ಅವರು 1,848 ಗಜ ಗಳಿಸಿ ಹೊಸ ದಾಖಲೆ ಬರೆದರು. 2012ರಲ್ಲಿ ಕ್ಯಾಲ್ವಿನ್ ಜಾನ್ಸನ್ 1,964 ಗಳಿಸುವವರೆಗೆ ಅದು ನಿಂತಿತ್ತು.

ಕಾಲು ಸೋಲದ್ದಕ್ಕೆ ಹೆಚ್ಚಿನ ಶ್ರೇಯ ಬಿಡುವಿನ ತಿಂಗಳುಗಳಿಗೆ ಸಲ್ಲಬೇಕು. ಸ್ಯಾನ್ ಕಾರ್ಲೋಸ್ ಬಳಿಯ ಎಡ್ಜ್‌ವುಡ್ ಪಾರ್ಕ್‌ನಲ್ಲಿ ಎರಡೂವರೆ ಮೈಲಿಯ ಗುಡ್ಡದ ಹಾದಿಯಿದೆ; ಸಹ ಆಟಗಾರ ರೋಜರ್ ಕ್ರೇಗ್ ಜೊತೆ ರೈಸ್ ಅದನ್ನು ಓಡಿ ಹತ್ತುತ್ತಿದ್ದರು. ಅಭ್ಯಾಸದಲ್ಲಿ ಹಿಡಿದ ಚಿಕ್ಕ ಪಾಸನ್ನೂ ಕೊನೆಯ ಗೆರೆಯ ತನಕ ಓಡಿ ಮುಗಿಸುವುದು ಅವರ ರೂಢಿ. ಪಂದ್ಯದ ಕೊನೆಯ ಭಾಗವಾದ ನಾಲ್ಕನೇ ಕ್ವಾರ್ಟರ್‌ನಲ್ಲಿ ರಕ್ಷಕ ಏದುಸಿರು ಬಿಡುವಾಗ ಸ್ಲ್ಯಾಂಟ್ ಹಿಡಿದು 60 ಗಜ ಓಡಲು ಬೇಕಾದದ್ದು ಇದೇ.

ಗಾಯ ಬರಲೇ ಇಲ್ಲವೆಂದಲ್ಲ. 1997ರ ಮೊದಲ ಪಂದ್ಯದಲ್ಲೇ ಟ್ಯಾಂಪಾದಲ್ಲಿ ವಾರನ್ ಸ್ಯಾಪ್ ಹೆಲ್ಮೆಟ್ಟಿನ ಜಾಲರಿ ಹಿಡಿದೆಳೆದು ಕೆಡವಿದಾಗ ಎಡ ಮಂಡಿಯ ಎರಡು ಅಸ್ಥಿರಜ್ಜುಗಳು ಹರಿದವು. ಆರೇಳು ತಿಂಗಳು ಬೇಕಾಗುವ ಚೇತರಿಕೆಗೆ ಮೂರೂವರೆ ತಿಂಗಳು ಕೊಟ್ಟು ಡಿಸೆಂಬರ್‌ನಲ್ಲಿ ಮೈದಾನಕ್ಕಿಳಿದರು, ಟಚ್‌ಡೌನ್ ಹಿಡಿದರು, ಅದೇ ಕ್ಯಾಚ್‌ನಲ್ಲಿ ಬಿದ್ದು ಮಂಡಿಚಿಪ್ಪು ಸೀಳಿಕೊಂಡರು. ಅವಸರ ಮಾಡಿದ್ದು ಅವಿವೇಕ. ಆದರೂ 1998ರಲ್ಲಿ ಎಲ್ಲ 16 ಪಂದ್ಯ ಆಡಿದರು. ಇಪ್ಪತ್ತು ಋತುಗಳಲ್ಲಿ ಮುಷ್ಕರದ ವರ್ಷ 12, ಗಾಯದ ವರ್ಷ 2, ಉಳಿದದ್ದೆಲ್ಲ ಪೂರ್ತಿ. 2004ರಲ್ಲಂತೂ ಓಕ್ಲೆಂಡ್‌ನಿಂದ ಸಿಯಾಟಲ್‌ಗೆ ವರ್ಗವಾದಾಗ ಎರಡು ತಂಡಗಳ ವಿರಾಮದ ವಾರ ಬೇರೆಬೇರೆಯಾಗಿದ್ದರಿಂದ 16 ಪಂದ್ಯಗಳ ಋತುವಿನಲ್ಲಿ 17 ಆಡಿದರು! ಒಟ್ಟು 303.

ಅದಕ್ಕೂ ಮುಂಚೆ, 2002ರಲ್ಲಿ, ಓಕ್ಲೆಂಡ್ ಪರ 40 ತುಂಬಿದ ಋತುವಿನಲ್ಲಿ ಅವರು ಗಳಿಸಿದ್ದು 1,211 ಗಜ. ಹಟ್ಸನ್ 1942ರಲ್ಲಿ ಲೀಗನ್ನೇ ಬೆರಗಾಗಿಸಿದ ಅಂಕಿ ಗಜ ತಪ್ಪದೆ ಅಷ್ಟೇ. ಕಾಕತಾಳೀಯ, ಆದರೆ ಅರವತ್ತು ವರ್ಷಗಳಲ್ಲಿ ಆಟ ಎಲ್ಲಿಗೆ ಬಂತೆಂದು ಅಳೆಯಲು ಒಳ್ಳೆಯ ಕೋಲು.

ಒಂದು ಕಪ್ಪುಚುಕ್ಕೆಯೂ ಇದೆ. ಕೈಗವಸಿಗೆ ಅಂಟುದ್ರವ ಹಚ್ಚುವುದನ್ನು ಲೀಗ್ 1981ರಲ್ಲೇ ನಿಷೇಧಿಸಿತ್ತು. ತಾವು ಅದನ್ನು ಬಳಸಿದ್ದಾಗಿ ರೈಸ್ 2015ರಲ್ಲಿ ಹೊರಗೆಡವಿದರು. ತಮ್ಮ ಕಾಲದಲ್ಲಿ ಎಲ್ಲರೂ ಬಳಸುತ್ತಿದ್ದರು ಎಂಬ ಅವರ ಸಮಜಾಯಿಷಿಯನ್ನು ಕೆಲವು ಸಮಕಾಲೀನರು ಒಪ್ಪಲಿಲ್ಲ. ಅಂಟಿನಿಂದ ಕ್ಯಾಚ್ ಸುಲಭವಾಗುತ್ತದೆ, ರೂಟ್ ಅಲ್ಲ. ಹಾಗೆಂದು ನಿಯಮ ಮುರಿದದ್ದು ಇಲ್ಲವಾಗುವುದಿಲ್ಲ.

ಇನ್ನು ಬೆನ್ನತ್ತಿದವರ ಲೆಕ್ಕ. 49ಅರ್ಸ್ ವರ್ಷಗಳಲ್ಲಿ ರೈಸ್ ಸರಾಸರಿ ಪಂದ್ಯಕ್ಕೆ ಸುಮಾರು 81 ಗಜ. ಕ್ಯಾಲ್ವಿನ್ ಜಾನ್ಸನ್ ಅದನ್ನೂ ಮೀರಿದ್ದರು, 86; ಆದರೆ ಮೈ ನಜ್ಜುಗುಜ್ಜಾಗಿ 30ರಲ್ಲೇ 11,619 ಗಜಕ್ಕೆ ಆಟ ಬಿಟ್ಟರು. ಹೂಲಿಯೊ ಜೋನ್ಸ್ ಮೊದಲ ಒಂಬತ್ತು ಋತುಗಳಲ್ಲಿ 12,125 ಗಜ ಗಳಿಸಿ ಸರಿಯಾದ ಹಾದಿಯಲ್ಲಿದ್ದರು. ನಂತರದ ನಾಲ್ಕು ಋತುಗಳಲ್ಲಿ ಕಾಲಿನ ಗಾಯಗಳ ನಡುವೆ ಸೇರಿದ್ದು ಬರೀ 1,578. ಫಿಟ್ಜೆರಾಲ್ಡ್ ಬಾಳಿಕೆ ಬಂದರು, ಸರಾಸರಿ 67ರ ಆಸುಪಾಸು. ಆ ವೇಗ ಇದ್ದವರು ಅಷ್ಟು ಕಾಲ ಉಳಿಯಲಿಲ್ಲ, ಉಳಿದವರಿಗೆ ಆ ವೇಗ ಬರಲಿಲ್ಲ.

ಮಿನ್ನೆಸೋಟದ ಜಸ್ಟಿನ್ ಜೆಫರ್ಸನ್ ಮೊದಲ ಐದು ಋತುಗಳಲ್ಲಿ, 2024ರ ಕೊನೆಗೆ, 7,432 ಗಜ ಗಳಿಸಿದ್ದರು. ಆಗ ಉಳಿದಿದ್ದ 15,463ಕ್ಕೆ ವರ್ಷಕ್ಕೆ 1,400ರಂತೆ ಇನ್ನೂ ಹನ್ನೊಂದು ಋತುವಿಗಿಂತ ತುಸು ಹೆಚ್ಚೇ ಬೇಕಿತ್ತು, ಒಂದೂ ಕೆಡದಂತೆ. 2023ರಲ್ಲಿ ತೊಡೆ ಹಿಂಭಾಗದ ಸ್ನಾಯು ಹಿಡಿದುಕೊಂಡು ಅವರಿಗೆ ಏಳು ಪಂದ್ಯ ತಪ್ಪಿದವು. ಹಣದ ಮಾತೂ ಇದೆ: ಅವರ 2024ರ ಒಪ್ಪಂದ ನಾಲ್ಕು ವರ್ಷಕ್ಕೆ 14 ಕೋಟಿ ಡಾಲರ್, ಅದರಲ್ಲಿ 11 ಕೋಟಿ ಖಾತರಿ. ಅಷ್ಟು ಕೈಸೇರಿದ ಮೇಲೆ 38ನೇ ವಯಸ್ಸಿನಲ್ಲಿ ಗುಡ್ಡ ಹತ್ತುವ ಹಟ ಎಷ್ಟು ಜನರಿಗಿದ್ದೀತು?

ರೈಸ್‌ಗೆ ಇತ್ತು. 2005ರಲ್ಲಿ 42ರ ಪ್ರಾಯದಲ್ಲಿ ಡೆನ್ವರ್ ತಂಡದ ತರಬೇತಿ ಶಿಬಿರಕ್ಕೂ ಹೋದರು. ಸರದಿಯಲ್ಲಿ ತೀರಾ ಕೆಳಗಿನ ಸ್ಥಾನವೇ ಗತಿ ಎಂದು ಗೊತ್ತಾದಾಗ ಋತು ಶುರುವಾಗುವ ಮೊದಲೇ ನಿವೃತ್ತಿ ಘೋಷಿಸಿದರು. ಮರುವರ್ಷ 49ಅರ್ಸ್ ಅವರನ್ನು ಗೌರವಾರ್ಥ ಒಂದು ದಿನದ ಮಟ್ಟಿಗೆ ಸೇರಿಸಿಕೊಂಡಿತು. ಒಪ್ಪಂದದಲ್ಲಿ ಬರೆದ ಮೊತ್ತ 19,85,806 ಡಾಲರ್ 49 ಸೆಂಟ್: ಸೇರಿದ ವರ್ಷ 1985, ಜೆರ್ಸಿ ಸಂಖ್ಯೆ 80, ಬಿಟ್ಟ ವರ್ಷ 06, ತಂಡ 49. ಹಣವನ್ನೇನೂ ಕೊಡಲಿಲ್ಲ.