ಎಕ್ಸಾಸ್ಟ್ ಟೆಂಪರೇಚರ್ ಸೆನ್ಸರ್: ಕೆಟ್ಟಿದ್ದು ಸೆನ್ಸರೋ, ವೈರೋ?

ಪ್ರಶ್ನೆ: ನನ್ನದು ಬಿಎಸ್6 ಡೀಸೆಲ್ ಕಾರು. ಎಂಜಿನ್ ದೀಪ ಉರಿಯುತ್ತಿದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ, ಪಿ0546 ಕೋಡ್ ಬಂದಿದೆ, ಎಕ್ಸಾಸ್ಟ್ ಟೆಂಪರೇಚರ್ ಸೆನ್ಸರ್ (ಎಂಜಿನ್ ಹೊಗೆಯ ತಾಪ ಅಳೆಯುವ ಭಾಗ) ಬದಲಿಸಬೇಕು ಎಂದರು. ಸೆನ್ಸರೇ ಕೆಟ್ಟಿದೆ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ? ಅಲ್ಲಿಯವರೆಗೆ ಕಾರು ಓಡಿಸಬಹುದೇ?

ಉತ್ತರ: ಹಣ ಕೊಡುವ ಮೊದಲು ಒಂದು ರಾತ್ರಿ ಕಾಯಿರಿ. ಕೋಡ್ ಬೊಟ್ಟು ಮಾಡುವುದು ಒಂದು ಸರ್ಕ್ಯೂಟಿನ ಕಡೆಗೆ. ಅದರಲ್ಲಿ ಸೆನ್ಸರ್ ಇದೆ, ವೈರ್ ಇದೆ, ಕನೆಕ್ಟರ್ ಇದೆ, ಕೊನೆಗೆ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಇದೆ. ಪಿ0546 ಎಂದರೆ ಮೊದಲನೆಯ ಸೆನ್ಸರಿನ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಮಿತಿ ಮೀರಿದೆ ಎಂದಷ್ಟೇ ಅರ್ಥ. ಹೊಗೆ ವಿಪರೀತ ಬಿಸಿಯಾಗಿದೆ ಎಂದಲ್ಲ. ಸಾಮಾನ್ಯವಾಗಿ ಎಲ್ಲೋ ಸಂಪರ್ಕ ಕಡಿದಾಗ ಹೀಗಾಗುತ್ತದೆ. ಪಿ0545 ಬಂದಿದ್ದರೆ ವೈರ್ ಎಲ್ಲೋ ಲೋಹಕ್ಕೆ ತಾಗಿ ಶಾರ್ಟ್ ಆಗಿರಬಹುದೆಂದು ಹುಡುಕಬೇಕಿತ್ತು.

ರಾತ್ರಿಯಿಡೀ ನಿಂತ ಕಾರಿನಲ್ಲಿ ಎಲ್ಲ ಭಾಗಗಳೂ ಹೊರಗಿನ ಹವೆಯ ತಾಪಕ್ಕೆ ಬಂದಿರುತ್ತವೆ. ಬೆಳಿಗ್ಗೆ ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಕೋಡ್ ಅಳಿಸಿ, ಸ್ಕ್ಯಾನರಿನಲ್ಲಿ ಲೈವ್ ಡೇಟಾ (ಸೆನ್ಸರ್‌ಗಳು ಆ ಕ್ಷಣ ತೋರಿಸುವ ಅಂಕಿಗಳು) ತೆರೆಯಿರಿ. ಹೊರಗೆ 22 ಡಿಗ್ರಿ ಇದ್ದರೆ ಕೂಲೆಂಟ್, ಒಳಬರುವ ಗಾಳಿ, ಎಕ್ಸಾಸ್ಟಿನ ಎಲ್ಲ ಸೆನ್ಸರ್‌ಗಳು ಸುಮಾರು ಅಷ್ಟನ್ನೇ ತೋರಿಸಬೇಕು. ಒಂದೇ ಒಂದು ಮೈನಸ್ 40 ಎಂದೋ, ಸಾವಿರದ ಆಸುಪಾಸು ಎಂದೋ ತೋರಿಸಿದರೆ ಕಳ್ಳ ಸಿಕ್ಕಿದ ಹಾಗೆ. ಕೋಡ್ ಅಳಿಸಲು ಹೇಳಿದ್ದಕ್ಕೆ ಕಾರಣವಿದೆ: ದೋಷ ಕಂಡ ಮೇಲೆ ಕೆಲವು ಇಸಿಯುಗಳು ತಾವೇ ಊಹಿಸಿದ ಅಂಕಿಯನ್ನು ತೋರಿಸುತ್ತವೆ, ಅದು ನಂಬುವ ಹಾಗೆಯೇ ಇರುತ್ತದೆ.

ಈಗ ಆ ಸೆನ್ಸರಿನ ವೈರನ್ನು ಕನೆಕ್ಟರ್‌ವರೆಗೂ ಕಣ್ಣಾರೆ ನೋಡಿ. ಟರ್ಬೊ ಪಕ್ಕದ ಬಿಸಿಗೆ ಕರಗಿದ ಹೊದಿಕೆ, ಇಲಿ ಕಡಿದ ಗುರುತು, ಮಳೆನೀರು ಹೊಕ್ಕು ಪಿನ್ನುಗಳ ಮೇಲೆ ಬಂದ ಹಸಿರು ಕಿಲುಬು, ಇವು ಕಂಡರೆ ಅರ್ಧ ಕೆಲಸ ಮುಗಿಯಿತು. ಲೈವ್ ಡೇಟಾ ನೋಡುತ್ತಲೇ ವೈರನ್ನು ಮೆಲ್ಲಗೆ ಅಲುಗಾಡಿಸಿ. ಅಂಕಿ ಹಾರಿದರೆ ತಪ್ಪು ಅಲ್ಲೇ ಇದೆ.

ಏನೂ ಕಾಣದಿದ್ದರೆ ನನಗೆ ಹೆಚ್ಚು ನಂಬಿಕೆಯಿರುವ ಪರೀಕ್ಷೆ ಇದು. ಎರಡೇ ವೈರಿನ ಸೆನ್ಸರ್ ಆಗಿದ್ದರೆ ಮಾತ್ರ ಮಾಡಿ. ಕನೆಕ್ಟರ್ ಬಿಚ್ಚಿ, ಕಾರಿನ ಕಡೆಯ ಎರಡು ಪಿನ್ನುಗಳನ್ನು ಚಿಕ್ಕ ವೈರಿನಿಂದ ಜೋಡಿಸಿ. ತೆರೆಯ ಮೇಲಿನ ಅಂಕಿ ಒಂದು ತುದಿಯಿಂದ ಇನ್ನೊಂದು ತುದಿಗೆ ಜಿಗಿದರೆ ವೈರಿಂಗೂ ಇಸಿಯುವೂ ಸರಿಯಾಗಿವೆ, ಸೆನ್ಸರೇ ಹೋಗಿದೆ. ಕದಲದಿದ್ದರೆ ಹೊಸ ಸೆನ್ಸರ್ ಹಾಕಿದರೂ ದೀಪ ಆರುವುದಿಲ್ಲ.

ಮಲ್ಟಿಮೀಟರಿನಿಂದ ಸೆನ್ಸರಿನ ವಿದ್ಯುತ್ ರೋಧವನ್ನೂ (ಓಮ್) ಅಳೆಯಬಹುದು, ಆದರೆ ಸೆನ್ಸರಿನ ಜಾತಿ ಗೊತ್ತಿರಬೇಕು. ಪ್ಲಾಟಿನಂ ಬಗೆಯ ಪಿಟಿ200 ಸೆನ್ಸರ್ ಸೊನ್ನೆ ಡಿಗ್ರಿಯಲ್ಲಿ 200 ಓಮ್, ನಮ್ಮ ಕೋಣೆಯ ತಾಪದಲ್ಲಿ ಸುಮಾರು 220 ಓಮ್ ತೋರಿಸುತ್ತದೆ. ತುದಿಗೆ ಬಿಸಿಗಾಳಿ ಹಾಯಿಸಿದರೆ ಏರುತ್ತಾ ಹೋಗಬೇಕು. ಥರ್ಮಿಸ್ಟರ್ ಬಗೆ ಇದಕ್ಕೆ ತದ್ವಿರುದ್ಧ: ತಣ್ಣಗಿದ್ದಾಗ ಓಮ್ ಬಹಳ ಹೆಚ್ಚು, ಬಿಸಿಯಾದಂತೆ ಇಳಿಕೆ. ಇದನ್ನರಿಯದೆ ಒಳ್ಳೆಯ ಸೆನ್ಸರನ್ನೇ ಕಸಕ್ಕೆ ಎಸೆಯುವವರಿದ್ದಾರೆ. ಸಣ್ಣ ಎಲೆಕ್ಟ್ರಾನಿಕ್ ಡಬ್ಬಿ ಜೊತೆಗಿರುವ ಥರ್ಮೋಕಪಲ್ ಬಗೆಯಲ್ಲಿ ಮೀಟರ್ ಉಪಯೋಗಕ್ಕೆ ಬಾರದು.

ಬದಲಿಸಲೇಬೇಕಾದರೆ, ಹಳೆಯ ಸೆನ್ಸರಿನ ಥ್ರೆಡ್ (ತಿರುಪಿನ ಎಳೆ) ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಸಮಯ ಕೊಟ್ಟು, ವೈರಿಗೆ ಸೀಳು ಇರುವ ಸಾಕೆಟ್ಟಿನಿಂದ ಬಿಚ್ಚುವವರಿಗೇ ಕೊಡಿ. ಅವಸರದಲ್ಲಿ ಕೊಳವೆಯ ಥ್ರೆಡ್ ಕಿತ್ತು ಬಂದರೆ ಖರ್ಚು ಎಲ್ಲಿಗೋ ಹೋಗುತ್ತದೆ.

ಇನ್ನು ಓಡಿಸುವ ವಿಚಾರ. ಗ್ಯಾರೇಜಿಗೆ ಹೋಗುವಷ್ಟು ಓಡಿಸಿ, ತಿಂಗಳುಗಟ್ಟಲೆ ಬೇಡ. ಡಿಪಿಎಫ್‌ನಲ್ಲಿ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕೂತ ಮಸಿಯನ್ನು ಸುಡಲು ಇಸಿಯು ಹೊಗೆಯ ತಾಪವನ್ನು 600 ಡಿಗ್ರಿಯ ಆಸುಪಾಸಿಗೆ ಏರಿಸುತ್ತದೆ. ತಾಪ ಎಷ್ಟೆಂದು ಗೊತ್ತಾಗದಿದ್ದರೆ ಸುಡುವುದನ್ನೇ ನಿಲ್ಲಿಸಿಬಿಡುವುದು ಸಾಮಾನ್ಯ. ಮಸಿ ತುಂಬಿದ ಮೇಲೆ ಎಂಜಿನ್ ಶಕ್ತಿ ಕುಗ್ಗುತ್ತದೆ, ಆಗ ಬದಲಿಸಬೇಕಾಗಿ ಬರುವುದು ಸೆನ್ಸರಿಗಿಂತ ಹಲವು ಪಟ್ಟು ದುಬಾರಿಯಾದ ಡಿಪಿಎಫ್.