ಪಿಜನ್‌ಹೋಲ್ ತತ್ವ ಎಂದರೇನು?

10 ಖಾನೆಗಳಿಗೆ 11 ಕಾಗದ ಹಂಚಿ. ಹೇಗೇ ಹಂಚಿದರೂ ಯಾವುದೋ ಒಂದು ಖಾನೆಯಲ್ಲಿ ಕಡೇಪಕ್ಷ ಎರಡು ಕಾಗದ ಇದ್ದೇ ಇರುತ್ತವೆ. ಪಿಜನ್‌ಹೋಲ್ ತತ್ವ ಇಷ್ಟೇ. ‘ಪಾರಿವಾಳದ ಗೂಡಿನ ತತ್ವ’ ಎಂದೂ ಅನುವಾದಿಸುವುದುಂಟು. ಆದರೆ ಇಂಗ್ಲಿಷಿನಲ್ಲಿ ಪಿಜನ್‌ಹೋಲ್ ಎಂದರೆ ಕಾಗದಪತ್ರ ವಿಂಗಡಿಸಿಡುವ ಖಾನೆಯೂ ಹೌದು. 19ನೇ ಶತಮಾನದ ಗಣಿತಜ್ಞ ಡಿರಿಕ್ಲೆ ಹೆಸರಿಗೆ ಅಂಟಿಕೊಂಡಿರುವ ಜರ್ಮನ್ ಪದಕ್ಕಂತೂ ಮೇಜಿನ ಡ್ರಾಯರ್ ಎಂದೇ ಅರ್ಥ. ಹಕ್ಕಿಯನ್ನು ಬಿಟ್ಟು ಖಾನೆಯನ್ನು ಹಿಡಿದುಕೊಳ್ಳುವುದು ವಾಸಿ.

ಸಾಮಾನ್ಯ ರೂಪದಲ್ಲಿ: ವಸ್ತುಗಳ ಸಂಖ್ಯೆಯನ್ನು ಖಾನೆಗಳ ಸಂಖ್ಯೆಯಿಂದ ಭಾಗಿಸಿ, ಭಿನ್ನರಾಶಿ ಬಂದರೆ ಮುಂದಿನ ಪೂರ್ಣಾಂಕಕ್ಕೆ ಏರಿಸಿ. ಅಷ್ಟಾದರೂ ವಸ್ತುಗಳು ಒಂದು ಖಾನೆಯಲ್ಲಿರುತ್ತವೆ. 12 ಖಾನೆಗೆ 100 ವಸ್ತುವಾದರೆ 9. ‘ಭಾಗಲಬ್ಧಕ್ಕೆ ಒಂದು ಕೂಡಿಸಿ’ ಎಂದು ಬಾಯಿಪಾಠ ಮಾಡಿದವರು 96 ವಸ್ತುಗಳಿಗೂ 9 ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಅಲ್ಲಿ ಶೇಷವಿಲ್ಲ, ಉತ್ತರ 8.

ಹೇಳಿಕೆ ಸುಲಭ, ವಸ್ತು ಯಾವುದು, ಖಾನೆ ಯಾವುದು ಎಂದು ಗುರುತಿಸುವುದೇ ಕಷ್ಟ. ಒಂದು ಪ್ರಶ್ನೆ ನೋಡಿ: ಯಾವುದೇ 5 ಪೂರ್ಣಾಂಕಗಳ ಸಾಲಿನಲ್ಲಿ, ಮೊತ್ತ 5ರಿಂದ ನಿಶ್ಶೇಷವಾಗಿ ಭಾಗವಾಗುವ ಒಂದು ಅಖಂಡ ತುಂಡು (ಪಕ್ಕಪಕ್ಕದ ಒಂದು ಅಥವಾ ಹೆಚ್ಚು ಸಂಖ್ಯೆಗಳು) ಇದ್ದೇ ಇರುತ್ತದೆ ಎಂದು ಸಾಧಿಸಿ. ಇಲ್ಲಿ ಕೊಟ್ಟ ಸಂಖ್ಯೆಗಳನ್ನೇ ವಸ್ತು ಮಾಡಿಕೊಂಡರೆ ದಾರಿ ಸಿಗುವುದಿಲ್ಲ. ಮೊದಲಿನಿಂದ ಕೂಡಿಸುತ್ತಾ ಬಂದ ಮೊತ್ತಗಳು ವಸ್ತುಗಳು. 5ರಿಂದ ಭಾಗಿಸಿದಾಗ ಬರುವ ಶೇಷಗಳು ಖಾನೆಗಳು. ಸಾಲು 2, 7, 4, 6, 9 ಆದರೆ ಮೊತ್ತಗಳು 0, 2, 9, 13, 19, 28; ಶೇಷಗಳು 0, 2, 4, 3, 4, 3. 9 ಮತ್ತು 19ರ ಶೇಷ ಒಂದೇ ಆದ್ದರಿಂದ ಅವುಗಳ ನಡುವಿನ ತುಂಡು, 4+6, ನಮಗೆ ಬೇಕಾದದ್ದು.

ಆರಂಭದ ಆ 0 ಸುಮ್ಮನೆ ಬಂದದ್ದಲ್ಲ. ಅದನ್ನು ಬಿಟ್ಟರೆ 5 ಮೊತ್ತ, 5 ಖಾನೆ. ತತ್ವ ಏನನ್ನೂ ಹೇಳುವುದಿಲ್ಲ. 1, 1, 1, 1, 1 ಎಂಬ ಸಾಲಿನಲ್ಲಿ ಪರೀಕ್ಷಿಸಿ: ಶೇಷಗಳು 1, 2, 3, 4, 0, ಎಲ್ಲವೂ ಬೇರೆ ಬೇರೆ. 0 ಸೇರಿಸಿದರೆ ಮಾತ್ರ ಜೋಡಿ ಸಿಗುತ್ತದೆ.

ಕಂಪ್ಯೂಟರ್ ವಿಜ್ಞಾನದಲ್ಲಿ ಈ ತತ್ವ ‘ಇದು ಆಗದು’ ಎಂದು ತೋರಿಸುವ ಆಯುಧ. 8 ಬಿಟ್‌ನ (ಎಂಟು 0 ಅಥವಾ 1ಗಳ) ಸಾಲುಗಳು 256. ಅದಕ್ಕಿಂತ ಚಿಕ್ಕವು, ಖಾಲಿ ಸಾಲೂ ಸೇರಿ, 255 ಮಾತ್ರ. ಎಲ್ಲವನ್ನೂ ಕುಗ್ಗಿಸಿದರೆ ಎರಡು ಸಾಲು ಒಂದೇ ಚಿಕ್ಕ ಸಾಲಾಗುತ್ತವೆ, ಮೂಲ ಯಾವುದೆಂದು ತಿಳಿಯದು. ಹಾಗಾಗಿ ಮಾಹಿತಿ ಒಂದಿಷ್ಟೂ ಕಳೆಯದೆ ಪ್ರತಿಯೊಂದು ಫೈಲನ್ನೂ ಕುಗ್ಗಿಸುವ ಪ್ರೋಗ್ರಾಂ ಸಾಧ್ಯವೇ ಇಲ್ಲ. ಫೈನೈಟ್ ಆಟೊಮ್ಯಾಟನ್ ಎಂದರೆ ಒಂದೊಂದೇ ಅಕ್ಷರ ಓದುತ್ತಾ ಸ್ಥಿತಿಯಿಂದ ಸ್ಥಿತಿಗೆ ಸಾಗುವ ಕಾಲ್ಪನಿಕ ಯಂತ್ರ. 4 ಸ್ಥಿತಿಗಳ ಇಂಥ ಯಂತ್ರ 4 ಅಕ್ಷರ ಓದುವಷ್ಟರಲ್ಲಿ, ಆರಂಭದ್ದೂ ಸೇರಿ, 5 ಸಲ ಸ್ಥಿತಿಗಳಲ್ಲಿ ನಿಂತಿರುತ್ತದೆ. ಅಂದರೆ ಯಾವುದೋ ಒಂದಕ್ಕೆ ಮರಳಿರುತ್ತದೆ. ಕೆಲವು ಭಾಷೆಗಳನ್ನು ಇಂಥ ಯಂತ್ರ ಗುರುತಿಸಲಾರದು ಎಂದು ತೋರಿಸಲು ಬಳಸುವ ಪಂಪಿಂಗ್ ಲೆಮ್ಮಾದ ಬೇರು ಇದೇ.

ಹ್ಯಾಶಿಂಗ್ ಬಂದಾಗ ಗೊಂದಲ ಹೆಚ್ಚು. ಹೆಸರು, ಸಂಖ್ಯೆಯಂಥ ಗುರುತು (ಕೀ) ಯಾವ ಖಾನೆಗೆ ಹೋಗಬೇಕೆಂದು ಲೆಕ್ಕ ಹಾಕಿ ನಿರ್ಧರಿಸುವುದೇ ಹ್ಯಾಶಿಂಗ್; ಎರಡು ಕೀ ಒಂದೇ ಖಾನೆಗೆ ಬಿದ್ದರೆ ಅದು ಡಿಕ್ಕಿ. 365 ಖಾನೆಗಳ ಟೇಬಲ್‌ನಲ್ಲಿ 366ನೇ ಕೀ ಸೇರಿಸುವವರೆಗೆ ಡಿಕ್ಕಿ ಆಗದು ಎಂದು ಈ ತತ್ವ ಹೇಳುವುದಿಲ್ಲ. 366ಕ್ಕೆ ಖಂಡಿತ ಆಗುತ್ತದೆ ಎನ್ನುತ್ತದೆ, ಅಷ್ಟೇ. ಕೀಗಳು ಸಮಾನ ಸಂಭವದಿಂದ ಹರಡಿದರೆ 23 ಕೀಗಳಿಗೇ ಡಿಕ್ಕಿಯ ಸಂಭವ ಅರ್ಧ ದಾಟುತ್ತದೆ. ಆ ಲೆಕ್ಕ ಸಂಭವನೀಯತೆಯದು, ಬೇರೆ ಅಧ್ಯಾಯ. ಡಿಕ್ಕಿ ಯಾವ ಖಾನೆಯಲ್ಲಿ ಎಂಬುದನ್ನಂತೂ ಪಿಜನ್‌ಹೋಲ್ ತತ್ವ ಹೇಳುವುದೇ ಇಲ್ಲ. ಅದನ್ನು ಹುಡುಕಿಯೇ ತಿಳಿಯಬೇಕು.